ಆಯ್ಕೆ ಸಂಖ್ಯೆ ಏಳು

ಸೀತಾಂಗೋಳಿ ಪೇಟೆ, ಅಕ್ಷಯ ಕೇಂದ್ರ.
ಫ್ಯಾನು ಮೂರರಲ್ಲಿ ತಿರುಗುತ್ತದೆ, ಗಾಳಿ ಒಂದರದ್ದು.
ಟೋಕನ್ ಹತ್ತೊಂಬತ್ತು: ನಿಶ್ಮಿತಾ,
ಜತೆಗೆ ಅವಳಪ್ಪ ಐತಪ್ಪಣ್ಣ, ಸುರಂಗ ಕೊರೆಯುವವರು.
ಅಂಗಿ ಒಗೆದದ್ದೇ, ಆದರೂ
ಕಾಲರಿನ ಮಡಿಕೆಯಲ್ಲಿ ಮುರಕಲ್ಲಿನ ಕೆಂಪು ಕೂತೇ ಇದೆ.

ಅರ್ಜಿ ಇಂಗ್ಲಿಷಿನಲ್ಲಿ, ಸೂಚನೆ ಮಲಯಾಳದಲ್ಲಿ,
ನಮ್ಮ ಚರ್ಚೆ ಕನ್ನಡದಲ್ಲಿ, ಸಿಟ್ಟು ಬಂದರೆ ತುಳು.

ಇಪ್ಪತ್ತು ಆಯ್ಕೆ ಕೊಡಬಹುದು.
ಅವಳು ಬರೆದು ತಂದದ್ದು ಒಂದೇ:
ಕಾಸರಗೋಡು, ಭೂವಿಜ್ಞಾನ.
ನೋಟುಬುಕ್ಕಿನ ಹಾಳೆ, ಅಡಿಯಲ್ಲಿ ಎರಡು ಗೆರೆ.
ಯಾಕೆ ಎಂದರೆ,
ಅಪ್ಪ ಕೈಯಿಂದ ಮುಟ್ಟಿ ಹೇಳುವುದಕ್ಕೆಲ್ಲ
ಹೆಸರು ಏನೆಂದು ತಿಳಿಯಬೇಕಂತೆ.

"ಹೋದ ವರ್ಷ ಕೊನೆಗೆ ಸಿಕ್ಕಿದವಳ ಅಂಕ ನೋಡಿದ್ದೀಯಾ?"
"ನೋಡಿದ್ದೇನೆ ಅಕ್ಕ. ನನಗೆ ಹನ್ನೊಂದು ಕಡಿಮೆ."
"ಮತ್ತೆ?"
"ಬಸ್ಸಿಗೆ ಮುಕ್ಕಾಲು ಗಂಟೆ ಅಲ್ವಾ."
ಹತ್ತಿರ ಇರುವುದೆಲ್ಲ ಕೈಗೆಟಕುತ್ತದೆಂದು
ಹದಿನೇಳರಲ್ಲಿ ನಾನೂ ಅಂದುಕೊಂಡಿದ್ದೆ.
ಹನ್ನೊಂದು ಅಂಕ ಎಂದರೆ ಎಷ್ಟು ಕಿಲೋಮೀಟರು,
ಯಾವ ಕಂಡಕ್ಟರನೂ ಹೇಳಲಾರ.

ಬರೆಯಲಿಕ್ಕೆ ಕೂತೆವು.
ಒಂದು ಅವಳದ್ದೇ ಇರಲಿ, ಮೇಲೆಯೇ ಇರಲಿ.
ಎರಡಕ್ಕೆ ಪಯ್ಯನ್ನೂರು, ರಸಾಯನ: ಬೆಳಗ್ಗಿನ ರೈಲು,
ಕುಂಬಳೆಯಲ್ಲಿ ನಿಂತರೆ ಪುಣ್ಯ.
ಮೂರಕ್ಕೆ ಮಂಜೇಶ್ವರ, ಸಂಖ್ಯಾಶಾಸ್ತ್ರ:
ಇವಳ ಅಂಕಕ್ಕೆ ಸರಿಯಾಗಿ ಹೊಂದುವ ಚಪ್ಪಲಿ,
ಬಣ್ಣ ಮಾತ್ರ ಇಷ್ಟವಿಲ್ಲ.
ಮಂಗಳೂರು ಈ ಪಟ್ಟಿಗೆ ಬರುವುದಿಲ್ಲ,
ಅದಕ್ಕೆ ಬೇರೆ ಫಾರ್ಮು, ಬೇರೆ ರಾಜ್ಯ, ಬೇರೆ ಫೀಸು.
ಫೀಸು ಎಂದಾಗ ಐತಪ್ಪಣ್ಣ
ಗೋಡೆಯ ಆಧಾರ್ ಪೋಸ್ಟರು ಓದತೊಡಗಿದರು.

ದಿನಕ್ಕೆ ನಲವತ್ತು ಸಲ ಹೇಳುವ ನಿಯಮವನ್ನು ಇವಳಿಗೂ ಹೇಳಿದೆ:
ಯಾವುದು ಸಿಕ್ಕಿತೋ ಅದರ ಕೆಳಗಿನವೆಲ್ಲ
ತಮ್ಮಷ್ಟಕ್ಕೇ ಅಳಿದುಹೋಗುತ್ತವೆ.
ಮೇಲಿನವು ಮಾತ್ರ ಜೀವ ಹಿಡಿದು ಕಾಯುತ್ತವೆ.
ಹಾಗಾಗಿ ಬೇಡದ್ದನ್ನು ಬರೆಯಬೇಡ,
ಬರೆದರೆ ಸಿಕ್ಕಿಬಿಟ್ಟೀತು.

ಐತಪ್ಪಣ್ಣ ಆಗ ಬಾಯಿ ತೆರೆದರು:
"ಒಳಗೆ ಹೋಗುವಾಗ ನಾವು ಮೇಣದ ಬತ್ತಿ ಹಿಡಿಯುವುದುಂಟು.
ಬೆಳಕಿಗೆ ಅಂತ ಜನ ತಿಳಿಯುತ್ತಾರೆ.
ಅದು ಆರಿದರೆ ಗಾಳಿ ಮುಗಿಯಿತು, ಹಿಂದೆ ಬರಬೇಕು.
ಇವಳ ಪಟ್ಟಿಯಲ್ಲಿ ಹಿಂದೆ ಬರಲಿಕ್ಕೆ ದಾರಿ ಉಂಟಾ?"

ಪರದೆಯನ್ನು ಕೆಳಗೆ ಜಾರಿಸಿದೆ.
ಆಯ್ಕೆ ಏಳು: ಕನ್ನಡ, ಬಿ.ಎ.
"ಅದು ಸಿಕ್ಕೇ ಸಿಕ್ಕುತ್ತದಂತೆ ಅಲ್ವಾ ಅಕ್ಕ?
ಸುಮ್ಮನೆ ಇರಲಿ ಅಲ್ಲಿ."

ನನ್ನ ಬೆರಳು ಮೌಸಿನ ಮೇಲೆ ನಿಂತಿತು.
ಸುಮ್ಮನೆ ಇರಲಿ ಎಂದು
ನಾನೂ ಬರೆದಿದ್ದೆ, ಒಂಬತ್ತಕ್ಕೆ.
ಮೇಲಿನ ಎಂಟು ಜೀವ ಹಿಡಿದು ಕಾದವು, ಆಗಸ್ಟಿನವರೆಗೆ.
ಮೊದಲ ತಿಂಗಳು ಹಿಂದಿನ ಬೆಂಚಿನಲ್ಲಿ ಅತ್ತೆ.
ಆಮೇಲೊಂದು ದಿನ ಹಳಗನ್ನಡದ ಪಾಠದಲ್ಲಿ
ನಮ್ಮಜ್ಜಿ ಕೋಳಿಗಳಿಗೆ ಬೈಯುವ ಒಂದು ಶಬ್ದ ಸಿಕ್ಕಿತು,
ಸಾವಿರ ವರ್ಷ ಹಳೆಯದು, ಇನ್ನೂ ಹರಿತ.
ಅವತ್ತಿನಿಂದ ಅತ್ತಿಲ್ಲ. ಅಥವಾ
ಬೇರೆ ಕಾರಣಕ್ಕೆ ಅತ್ತಿದ್ದೇನೆ.

ಇದನ್ನೆಲ್ಲ ಟೋಕನ್ ಇಪ್ಪತ್ತನ್ನು ನಿಲ್ಲಿಸಿಕೊಂಡು
ಹೇಳಲಿಕ್ಕಾಗುವುದಿಲ್ಲ.
"ಸಿಕ್ಕಿದರೆ ಹೋಗುತ್ತೀಯಾ?" ಎಂದಷ್ಟೇ ಕೇಳಿದೆ.
ಅವಳು ನನ್ನ ಮುಖ ನೋಡಿದಳು,
ಕೀಬೋರ್ಡಿನ ಬದಿಗೆ ಕವುಚಿಟ್ಟ ಪುಸ್ತಕ ನೋಡಿದಳು.
"ಐದಕ್ಕೆ ಏರಿಸಿ."
ಕಾರಣ ಕೇಳಲಿಲ್ಲ.

ಒಟಿಪಿ ಬಂದದ್ದು ಹನ್ನೆರಡು ನಿಮಿಷ ಬಿಟ್ಟು,
ಐತಪ್ಪಣ್ಣ ರಸ್ತೆಗಿಳಿದು
ಫೋನನ್ನು ಆಕಾಶಕ್ಕೆ ತೋರಿಸಿದ ಮೇಲೆ.

ಪ್ರಿಂಟು ಕೊಟ್ಟೆ.
ಬೆರಳಿಟ್ಟು ಒಂದೊಂದೇ ಸಾಲು ಇಳಿದರು,
ಮಣ್ಣಿನ ಪದರ ನೋಡುವವರ ಹಾಗೆ.
"ಮೇಲಿಂದಲೇ ಇಳಿಯುತ್ತಾ ಬರುತ್ತಾರಾ?"
"ಹೌದು."
"ಹಾಗಾದರೆ ಇದು ಬಾವಿ," ಎಂದರು,
"ನಮ್ಮದು ಅಡ್ಡ ಹೋಗುವ ಕೆಲಸ."

ನೂರರ ನೋಟು ಇಟ್ಟು ಚಿಲ್ಲರೆಗೆ ಕಾಯದೆ ಮೆಟ್ಟಲಿಳಿದರು.
ಅವಳು ಓಡಿ ಬಂದು ತೆಗೆದುಕೊಂಡು ಹೋದಳು,
ಎಣಿಸಿಯೇ.

ಟೋಕನ್ ಇಪ್ಪತ್ತು.
ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆಯಂತೆ.